ಮಿಲಿಟರಿ ಪಿಟ್ಠುವಿಗೆ ಟೊಂಕ ಕಟ್ಟಿದ್ದು

ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಖಾಲಿ ಮಿಲಿಟರಿ ಬ್ಯಾಗು 2 ಕೆ.ಜಿ. 850 ಗ್ರಾಂ ತೂಗಿತು. ಒಳಗೆ ಒಂದು ಟವೆಲ್ಲೂ ಇರಲಿಲ್ಲ. ಅಂಗಡಿಯ ಅಣ್ಣ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಮೂರ ಕಿಲೋ ಜ್ವಾಳ ಹೊತ್ತಂಗ ಆತಲ್ರೀ. ಬುತ್ತಿ ಎಲ್ಲಿ ಇಡ್ತೀರಿ?" ಎಂದ.

ನಮ್ಮ ಚಾರಣದ ಗುಂಪಿಗೆ ಹೊಸದಾಗಿ ಸೇರುವ ಹುಡುಗರು ಪ್ರತಿ ಮಳೆಗಾಲಕ್ಕೂ ಕೇಳುವ ಮಾತೊಂದಿದೆ: "ಅಣ್ಣಾ, ಮಿಲಿಟರಿ ಬ್ಯಾಗು ಗಟ್ಟಿ ಇರ್ತದ, ಸೋವಿನೂ ಸಿಗ್ತದ. ಅದನ್ನ ತಗೋಬೇಕೇನು?" ಬೆಳಗಾವಿಯಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜ. ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲೇ ಇದೆ. ಕ್ಯಾಂಪ್ ಕಡೆ ಹೋದರೆ ಬೆಳಗಿನ ಜಾವ ಪಿಟ್ಠು, ಅಂದರೆ ಸೈನಿಕರ ಬೆನ್ನಿನ ಬ್ಯಾಗು, ಹೊತ್ತು ಓಡುವ ಹುಡುಗರು ಕಾಣುತ್ತಾರೆ. ಅವರ ಬೆನ್ನ ಮೇಲಿರುವುದು ನಮ್ಮ ಬೆನ್ನಿಗೂ ಒಳ್ಳೆಯದೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ನಾನು ಇಷ್ಟು ದಿನ "ಬ್ಯಾಡ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಆದರೆ ಹೊತ್ತು ನೋಡದೆ ಹೇಳಿದ ಮಾತದು. ಈ ವರ್ಷ ಒಂದು ಬ್ಯಾಗು ಕೈಗೆ ಸಿಕ್ಕಿತು, ಬಿಚ್ಚಿದೆ, ತೊಳೆದೆ, ರಿಪೇರಿ ಮಾಡಿದೆ, ಹೊತ್ತು ನಡೆದೆ. ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಬ್ಯಾಗು ನಮ್ಮ ಸೇನೆಯದಲ್ಲ, ಅಮೆರಿಕದ್ದು. ವಡಗಾವಿಯ ಗೆಳೆಯನ ಅಣ್ಣ ಅಲ್ಲಿಂದ ವಾಪಸು ಬರುವಾಗ ಯಾವುದೋ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು ತಂದಿದ್ದ. ಆಮೇಲೆ ಎಂಟು ಮಳೆಗಾಲ ಅಟ್ಟದ ಮೇಲೆ ಬಿದ್ದಿತ್ತು. "ವಾಸನಿ ಹೊಡಿಯಾಕತ್ತದ, ಒಯ್ಯಿ" ಎಂದು ಗೆಳೆಯ ಪುಕ್ಕಟೆ ಕೊಟ್ಟ.

ಒಳಗಿನ ಚೀಟಿ ಓದಲು ಬರುವಷ್ಟು ಉಳಿದಿತ್ತು. ಮೇಲಿನ ಸಾಲಿನಲ್ಲಿ 8465ರಿಂದ ಆರಂಭವಾಗುವ ಉದ್ದದ ನಂಬರು. ಅಮೆರಿಕದ ಸೇನಾ ಸರಬರಾಜಿನಲ್ಲಿ ಸೈನಿಕ ಮೈಮೇಲೆ ಹೊರುವ ಸಾಮಾನಿನ ವರ್ಗಕ್ಕೆ ಆ ನಾಲ್ಕು ಅಂಕಿ. ಕೆಳಗೆ ಡಿಎಲ್‌ಎ100-84 ಎಂದು ಶುರುವಾಗುವ ಗುತ್ತಿಗೆ ನಂಬರು. ಮಧ್ಯದ 84 ಎಂದರೆ 1984ರ ಗುತ್ತಿಗೆ. ಡಿಎಲ್‌ಎ ಎಂದರೆ ಅಲ್ಲಿನ ಸೇನಾ ಸರಬರಾಜು ಸಂಸ್ಥೆ, ಆ ಹೆಸರು ಬಂದದ್ದು 1977ರಲ್ಲಿ. ಅದಕ್ಕೂ ಹಿಂದಿನ ಬ್ಯಾಗುಗಳ ಮೇಲೆ ಡಿಎಸ್‌ಎ ಎಂದಿರುತ್ತದೆ. ಹಳೇ ಮಿಲಿಟರಿ ಮಾಲು ಕೊಳ್ಳುವವರು ಮೊದಲು ಈ ಚೀಟಿ ಹುಡುಕಬೇಕು. ಡಿಸ್ಪೋಸಲ್ ಮಾಲು ಎಂದು ಬಜಾರಿನಲ್ಲಿ ತೂಗುಹಾಕುವ ಬ್ಯಾಗುಗಳಲ್ಲಿ ಎಷ್ಟೋ ಬರೀ ಮಿಲಿಟರಿ ಚಿತ್ತಾರದ (ಹಸಿರು-ಕಂದು ಮಚ್ಚೆಯ) ಪಾಲಿಯೆಸ್ಟರ್ ಬಟ್ಟೆಯ ನಕಲುಗಳು. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗ ತಿರುಗಿಸಿ ನೋಡಿ. ಒಂದೇ ಸಾಲು ಹೊಲಿಗೆ ಇದ್ದರೆ ಕೆಳಗಿಡಿ. ನಿಜವಾದ ಮಾಲಿನಲ್ಲಿ ಆ ಜಾಗದಲ್ಲಿ ಚೌಕ ಹಾಕಿ, ಒಳಗೆ ಅಡ್ಡ ಗೀಟು ಹೊಡೆದು, ಮತ್ತೆ ಮೇಲೆ ಒತ್ತೊತ್ತು ಹೊಲಿದಿರುತ್ತಾರೆ.

ನನ್ನದು ಆಲಿಸ್ ಎನ್ನುವ ಮಾದರಿಯ ಮಧ್ಯಮ ಅಳತೆಯದು. 1973ರ ಜನವರಿಯಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಸಾಮಾನು. ಸುಮಾರು 38 ಲೀಟರ್ ಹಿಡಿಯುತ್ತದೆ, 50 ಪೌಂಡ್ ಅಂದರೆ 22 ಕಿಲೋ ಚಿಲ್ಲರೆ ಹೊರಲೆಂದು ಮಾಡಿದ್ದು. ಅದಕ್ಕೂ ಹಿಂದೆ ಅವರಲ್ಲಿದ್ದದ್ದು ಹತ್ತಿಯ ಕ್ಯಾನ್ವಾಸು. ನೆನೆದರೆ ಭಾರ, ಒಣಗಲು ದಿನಗಟ್ಟಲೆ, ಕೊನೆಗೆ ಕೊಳೆತು ಹೋಗುವಂಥದ್ದು. ವಿಯೆಟ್ನಾಂ ಕಾಡಿನ ಮಳೆ ಅವರಿಗೆ ನೈಲಾನ್ ಕಲಿಸಿತು. ಹೊರಗೆ ಮೂರು ದೊಡ್ಡ ಜೇಬು, ಬೆನ್ನಿಗೆ ಅಲ್ಯೂಮಿನಿಯಂ ಪೈಪಿನ ಫ್ರೇಮು, ಎರಡು ಹೆಗಲ ಪಟ್ಟಿ, ಟೊಂಕಕ್ಕೆ ಒಂದು ಸಣ್ಣ ನವಾರ ಪಟ್ಟಿ.

ಆ ಸಣ್ಣ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಕಥೆಯೆಲ್ಲ ಇರುವುದು ಅದರಲ್ಲೇ.

ತೊಳೆದದ್ದು

ಮೊದಲ ರವಿವಾರ ಪೂರ್ತಿ ತೊಳೆಯಲಿಕ್ಕೇ ಹೋಯಿತು. ನೈಲಾನಿನ ಒಳಮೈಗೆ ನೀರು ಇಳಿಯದಂತೆ ಪಾಲಿಯುರಿಥೇನ್ ಲೇಪ ಕೊಟ್ಟಿರುತ್ತಾರೆ. ಗಾಳಿಯ ತೇವ ವರ್ಷಗಟ್ಟಲೆ ತಾಗಿದರೆ ಆ ಲೇಪ ತನ್ನಷ್ಟಕ್ಕೇ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಹುಳಿ ವಾಂತಿಯಂಥ ವಾಸನೆ, ಕೊನೆಗೆ ಹಾವಿನ ಪೊರೆಯ ಹಾಗೆ ಏಳುವುದು. ನಮ್ಮ ಊರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ನೀವು ಕೊಂಡ ಹೊಸ ಟ್ರೆಕ್ಕಿಂಗ್ ಬ್ಯಾಗೂ ಹೆಚ್ಚಾಗಿ ಇದೇ ಲೇಪದ್ದಿರುತ್ತದೆ, ಅದನ್ನೂ ಮಡಚಿ ಅಟ್ಟಕ್ಕೆ ಎಸೆಯಬೇಡಿ, ಗಾಳಿಯಾಡುವಲ್ಲಿ ತೂಗುಹಾಕಿ.

ಹೀಗಾದ ಲೇಪವನ್ನು ಉಳಿಸಲು ಬರುವುದಿಲ್ಲ, ತೆಗೆಯಬೇಕು. ಕೈ ತಡೆಯುವಷ್ಟು ಬಿಸಿ ನೀರಿಗೆ ಬಟ್ಟೆ ಸೋಡಾ ಹಾಕಿ, ಬ್ಯಾಗನ್ನು ಒಳಮಗ್ಗುಲು ಹೊರಗೆ ಮಾಡಿ ಮೂರು ತಾಸು ಮುಳುಗಿಸಿಟ್ಟೆ. ಆಮೇಲೆ ಗಟ್ಟಿ ಬ್ರಶ್ಶಿನಿಂದ ಉಜ್ಜಿದರೆ ಹಳದಿ ಚಕ್ಕೆಗಳಾಗಿ ಬಂತು. ಇದೇ ಕೆಲಸ ಎರಡು ಸಲ. ಮೂಲೆಗಳಲ್ಲಿ, ಹೊಲಿಗೆಯ ಸಂದಿಯಲ್ಲಿ ಉಳಿದದ್ದನ್ನು ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿದೆ. ಚಕ್ಕೆಗಳನ್ನು ಬಚ್ಚಲಿಗೆ ಬಿಡಬೇಡಿ, ಗಟಾರ ಕಟ್ಟುತ್ತದೆ. ಹಳೇ ಸೀರೆಯಲ್ಲಿ ಸೋಸಿ ತೆಗೆದೆ.

ಈಗ ಬಟ್ಟೆಗೆ ನೀರು ತಡೆಯುವ ಗುಣ ಇಲ್ಲ. ಅದರ ಬಗ್ಗೆ ನನಗೆ ಚಿಂತೆಯೂ ಇಲ್ಲ. ಜೇಬುಗಳ ತಳದಲ್ಲಿ ಹಿತ್ತಾಳೆಯ ಕಣ್ಣುಗಳಿವೆ, ಒಳಗೆ ಸೇರಿದ ನೀರು ಇಳಿದು ಹೋಗಲೆಂದು. ಹೊಳೆ ದಾಟುವ ಸೈನಿಕನ ಬ್ಯಾಗು ಅದು. ಅದರಲ್ಲಿ ನೀರು ಬರುವುದನ್ನು ತಡೆಯುವುದಕ್ಕಿಂತ ಬಂದ ನೀರು ನಿಲ್ಲದಂತೆ ನೋಡಿಕೊಂಡಿದ್ದಾರೆ. ಖಾನಾಪುರದ ಕಡೆಯ ಜುಲೈ ಮಳೆಯಲ್ಲಿ ನಡೆದವರಿಗೆ ಇದು ಸರಿಯಾದ ವಿಚಾರ ಎಂದು ಗೊತ್ತಿರುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಬಾಯಿ ತಿರುಚಿ ಕಟ್ಟಿದರೆ ಸಾಮಾನು ಒಣಗಿಯೇ ಇರುತ್ತದೆ. ಗೊಬ್ಬರದ ಚೀಲದ ಒಳಗಿನ ಪದರ ತೊಳೆದು ಹಾಕಿಕೊಂಡಿದ್ದೇನೆ.

ಫ್ರೇಮು

ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹಾಗಾಗಿ ಕಬ್ಬಿಣ, ಅಲ್ಯೂಮಿನಿಯಂ ಕೆಲಸ ನನಗೆ ಬಟ್ಟೆ ಕೆಲಸಕ್ಕಿಂತ ಹತ್ತಿರ. ಫ್ರೇಮಿನ ಕೆಳಗಿನ ಬಲಮೂಲೆಯಲ್ಲಿ, ಅಡ್ಡ ಪಟ್ಟಿ ಪೈಪಿಗೆ ಸೇರುವ ರಿವೆಟ್ಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. ಬ್ಯಾಗನ್ನು ಕೆಳಗೆ ಕುಕ್ಕಿದಾಗ ನೆಲಕ್ಕೆ ತಾಗುವುದು ಅದೇ ಮೂಲೆ. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆ. ಬಿರುಕು ಎಲ್ಲಿವರೆಗೆ ಹೋಗಿದೆಯೋ ಅಲ್ಲಿವರೆಗೆ ಎಣ್ಣೆಯ ಗೆರೆ ಮೂಡಿತು. ಒಂಬತ್ತು ಮಿಲಿಮೀಟರ್.

ಜೊತೆಯವರು "ಆರ್ಗಾನ್ ವೆಲ್ಡಿಂಗ್ ಹೊಡಿಸು, ಐದು ನಿಮಿಷದ ಕೆಲಸ" ಎಂದರು. ನಾನು ಒಪ್ಪಲಿಲ್ಲ. ಹದ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಪೈಪಿಗೆ ವೆಲ್ಡಿಂಗ್ ಮಾಡಿದರೆ ಆ ಶಾಖಕ್ಕೆ ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಬಿರುಕು ಮುಚ್ಚುತ್ತದೆ, ಒಂದು ಬೆರಳು ಆಚೆ ಹೊಸದು ಏಳುತ್ತದೆ. ಇಂಥ ಫ್ರೇಮುಗಳನ್ನು ಬೆಸೆಯದೆ ರಿವೆಟ್ ಹೊಡೆದು ಮಾಡಿರುವುದಕ್ಕೂ ಅರ್ಥವಿದೆ ಎಂದು ನಾನು ತಿಳಿದಿದ್ದೇನೆ. ಬಿರುಕಿನ ತುದಿಗೆ 2 ಮಿಲಿಮೀಟರ್ ತೂತು ಹೊಡೆದೆ. ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯನ್ನು ಪೈಪಿನ ಸುತ್ತಿಗೆ ಸರಿಯಾಗಿ ಬಗ್ಗಿಸಿ ಹೊದಿಸಿ, ಎರಡೂ ಕಡೆ ಗಟ್ಟಿ ರಿವೆಟ್ ಹೊಡೆದೆ. ಪಾಪ್ ರಿವೆಟ್ ಸುಲಭ, ಆದರೆ ಅದರ ಹೊಟ್ಟೆ ಟೊಳ್ಳು. ಹೆಜ್ಜೆಹೆಜ್ಜೆಗೂ ಅಲುಗುವ ಜಾಗದಲ್ಲಿ ಬೇಗ ಸಡಿಲಾಗುತ್ತದೆ. ಗಟ್ಟಿ ರಿವೆಟ್ ಹೊಡೆಯುವಾಗ ಹಿಂದೆ ಡಾಲಿ, ಅಂದರೆ ಏಟು ತಡೆಯುವ ಕಬ್ಬಿಣದ ಗಟ್ಟಿ, ಹಿಡಿಯಲು ಒಬ್ಬರು ಬೇಕಾಗುತ್ತದೆ, ನನ್ನ ಪಾಳಿಯ ಗೆಳೆಯ ಹಿಡಿದ.

ಕಾಕಾ ಹೇಳಿದ್ದು

ನಮ್ಮ ಕಾಕಾ ಬೈಲಹೊಂಗಲದಲ್ಲಿರುತ್ತಾರೆ, ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಬ್ಯಾಗು ತೋರಿಸಲೆಂದೇ ಒಯ್ದೆ. ಅವರು ಹೆಗಲಿಗೆ ಏರಿಸಿ, ಎರಡು ಸಲ ಜಿಗಿದು, ಟೊಂಕದ ಪಟ್ಟಿ ಎಳೆದು ನೋಡಿ, "ಇದು ಟೊಂಕಕ್ಕಲ್ಲೋ ತಮ್ಮಾ. ಓಡುವಾಗ ಬ್ಯಾಗು ಆಕಡೆ ಈಕಡೆ ಆಡಬಾರದಂತ ಕಟ್ಟಿದ್ದು" ಎಂದರು.

"ಹಂಗಾದ್ರ ಭಾರ ಎಲ್ಲಾ ಹೆಗಲಿಗೇ ಏನ್ರಿ ಕಾಕಾ?"

"ಮತ್ತೆಲ್ಲಿಗೆ? ಟೊಂಕ ಖಾಲಿ ಎಲ್ಲಿರ್ತದ? ಅಲ್ಲಿ ಪೌಚು, ನೀರಿನ ಬಾಟ್ಲಿ, ಗುಂಡು. ಅದರ ಮ್ಯಾಲೆ ಪಿಟ್ಠು ಕೂಡತದ. ನಮಗ ಹೆಗಲ ಅಂದ್ರನ ಟೊಂಕ."

ಇಷ್ಟು ವರ್ಷ ನಾನು ಹುಡುಕುತ್ತಿದ್ದ ಉತ್ತರ ಇದೇ. ಸೈನಿಕನ ಬ್ಯಾಗು ಒಂದು ಬಿಡಿ ವಸ್ತುವಲ್ಲ, ಮೈಮೇಲಿನ ಇಡೀ ಸಜ್ಜಿನ ಒಂದು ಭಾಗ. ಆಲಿಸ್ ಕೂಡ ಹಾಗೆಯೇ, ಗುಂಡಿನ ಚೀಲಗಳ ಬೆಲ್ಟಿನ ಮೇಲುಗಡೆ ಕೂರಬೇಕೆಂದು ಮಾಡಿದ ಗಿಡ್ಡ ಫ್ರೇಮು. ಗುಂಡಿನ ಸದ್ದಾದರೆ ಒಂದು ಕೊಂಡಿ ಎಳೆದು ಬ್ಯಾಗನ್ನು ಒಂದೇ ಏಟಿಗೆ ಕೆಳಗೆ ಬೀಳಿಸುವ ವ್ಯವಸ್ಥೆ ಎಡ ಹೆಗಲ ಪಟ್ಟಿಯಲ್ಲಿದೆ. ಟೊಂಕಕ್ಕೆ ಬಿಗಿಯಾಗಿ ಕಟ್ಟಿಕೊಂಡ ಬ್ಯಾಗನ್ನು ಹಾಗೆ ಬೀಳಿಸಲಾಗದು. ನಮಗೆ ಯಾರೂ ಗುಂಡು ಹೊಡೆಯುವುದಿಲ್ಲ, ನಮ್ಮ ಟೊಂಕ ಖಾಲಿಯೇ ಇದೆ. ಮನುಷ್ಯನ ಮೈಯಲ್ಲಿ ಹೊರೆಯನ್ನು ತಾಳುವ ದೊಡ್ಡ ಎಲುಬು ಅಲ್ಲೇ ಇದೆ. ನೀರಿನ ಕೊಡವನ್ನು ಟೊಂಕದ ಮೇಲಿಟ್ಟು ತರುತ್ತಿದ್ದ ನಮ್ಮ ಅವ್ವಂದಿರಿಗೆ ಯಾವ ಪುಸ್ತಕವೂ ಇದನ್ನು ಕಲಿಸಬೇಕಿರಲಿಲ್ಲ. ಚಾರಣದ ಒಳ್ಳೆಯ ಬ್ಯಾಗು ಹೊರೆಯ ಹೆಚ್ಚಿನ ಪಾಲನ್ನು ಟೊಂಕಕ್ಕೆ ಇಳಿಸುತ್ತದೆ, ಹೆಗಲ ಪಟ್ಟಿ ಬ್ಯಾಗು ಹಿಂದಕ್ಕೆ ವಾಲದಂತೆ ಹಿಡಿದಿರುತ್ತದೆ ಅಷ್ಟೆ.

ಆದ್ದರಿಂದ ನನ್ನ ಮಟ್ಟಿಗೆ ಕೆಲಸ ಇಷ್ಟೇ ಎಂದು ಖಚಿತವಾಯಿತು: ಈ ಪಿಟ್ಠುವಿಗೆ ಒಂದು ಟೊಂಕ ಕಟ್ಟುವುದು.

ಕಾಕಾ ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ನಮ್ಮ ಹುಡುಗರಿಗೆಲ್ಲ ಹೇಳುತ್ತಿದ್ದೇನೆ. ಚಿತ್ತಾರದ ಬ್ಯಾಗು, ಚಿತ್ತಾರದ ಪ್ಯಾಂಟು ಹಾಕಿಕೊಂಡು ಕ್ಯಾಂಪ್ ಕಡೆಯಾಗಲಿ, ಕಾಡಿನ ಚೆಕ್‌ಪೋಸ್ಟಿಗಾಗಲಿ ಹೋಗಬೇಡಿ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು, ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ನಿಮಗೆ ಆ ಉದ್ದೇಶ ಇರದಿದ್ದರೂ, ಕೇಳುವವರಿಗೆ ಉತ್ತರ ಕೊಡುತ್ತ ಅರ್ಧ ದಿನ ಹೋಗುತ್ತದೆ. ನನ್ನದು ಬರೀ ಹಸಿರು. ಆದರೂ ಅದರ ಮೇಲುಹೊದಿಕೆಗೆ ಅಂಗೈ ಎರಡರಷ್ಟು ಕಿತ್ತಳೆ ಬಣ್ಣದ ಬಟ್ಟೆ ಹೊಲಿಸಿದೆ. ಸೈನಿಕ ಕಾಣಬಾರದು, ಚಾರಣಿಗ ಕಾಣಬೇಕು. ಮಂಜಿನಲ್ಲಿ ಗುಂಪು ಚದುರಿದಾಗ ಕಾಡಿನ ಬಣ್ಣದ ಬ್ಯಾಗು ಹತ್ತು ಮಾರು ದೂರದಲ್ಲೇ ಮಾಯವಾಗುತ್ತದೆ.

ಮೊದಲ ಬೆಲ್ಟು, ಕೆಟ್ಟದ್ದು

ಮೊದಲ ಬೆಲ್ಟನ್ನು ಅವಸರದಲ್ಲಿ ಮಾಡಿದೆ. ಚಪ್ಪಲಿ ಸಾಮಾನಿನ ಅಂಗಡಿಯಿಂದ 6 ಮಿಲಿಮೀಟರ್ ಇವಿಎ ಹಾಳೆ (ಚಪ್ಪಲಿಗೆ ಹಾಕುವ ರಬ್ಬರಿನಂಥ ಫೋಮು) ತಂದು, ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ, ರೆಕ್ಸಿನ್ ಹೊದಿಸಿ, ಆಟೋ ಹುಡ್ಡು ಹೊಲಿಯುವವರ ಹತ್ತಿರ ಹೊಲಿಸಿ, ಫ್ರೇಮಿನ ಕೆಳಪೈಪಿಗೆ ನವಾರದಿಂದ ಸುತ್ತಿ ಕಟ್ಟಿದೆ. ನೋಡಲು ಚೆನ್ನಾಗಿಯೇ ಇತ್ತು.

10 ಕಿಲೋ ಜೋಳದ ಚೀಲ ಮತ್ತು 2 ಲೀಟರ್ ನೀರು ತುಂಬಿ ಯಳ್ಳೂರಿನ ರಾಜಹಂಸಗಡಕ್ಕೆ ಹೊರಟೆ. ಇಂಥ ಪರೀಕ್ಷೆಗೆ ಆ ಗುಡ್ಡ ಅನುಕೂಲ: ಊರಿನಿಂದ ಹತ್ತಿರ, ಏರು ಒಂದೇ ಸಮ, ಬೇಸರವಾದರೆ ವಾಪಸು ಬರಬಹುದು. ಮೊದಲ ಹತ್ತು ನಿಮಿಷ ಸುಖವಾಗಿತ್ತು. ಆಮೇಲೆ ಬೆಲ್ಟು ಮೆಲ್ಲಗೆ ಮೇಲೆ ಸರಿಯತೊಡಗಿತು. ಮೆತ್ತನೆಯ ಹಾಳೆ ಮಧ್ಯಕ್ಕೆ ಮಡಚಿ ಹಗ್ಗದಂತಾಯಿತು. ಕೋಟೆಯೊಳಗಿನ ಸಿದ್ಧೇಶ್ವರ ಗುಡಿಯ ಹತ್ತಿರ ಇಳಿಸುವಾಗ ಹೊಟ್ಟೆಯ ಸುತ್ತ ಕೆಂಪು ಗೆರೆ, ಹೆಗಲಲ್ಲಿ ಜೋಮು. ಅಷ್ಟು ದೂರ ಹೊರೆ ಹೊತ್ತಿದ್ದು ಹೆಗಲೇ.

ಗುಡಿಯ ಕಟ್ಟೆಯ ಮೇಲೆ ಕೂತು ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎರಡು ತಪ್ಪು ಕಂಡವು. ಒಂದು, ಭಾರ ಫ್ರೇಮಿನಿಂದ ಬೆಲ್ಟಿಗೆ ದಾಟಲು ಗಟ್ಟಿ ದಾರಿಯೇ ಇರಲಿಲ್ಲ. ನವಾರ ಎಳೆತ ತಾಳುತ್ತದೆ, ಒತ್ತಡ ತಾಳುವುದಿಲ್ಲ. ಇನ್ನೊಂದು, ನಾನು ನೇರ ಪಟ್ಟಿ ಕತ್ತರಿಸಿದ್ದೆ. ಟೊಂಕ ಪೈಪಿನಂತೆ ನೇರವಾಗಿಲ್ಲ, ಮೇಲೆ ಸಣ್ಣ, ಕೆಳಗೆ ದಪ್ಪ, ಬುಟ್ಟಿಯನ್ನು ಬೋರಲು ಹಾಕಿದಂತೆ. ಅದರ ಮೇಲೆ ನೇರ ಪಟ್ಟಿ ಸುತ್ತಿದರೆ ಬರೀ ಮೇಲಿನ ಅಂಚು ಕಚ್ಚುತ್ತದೆ.

ಎರಡನೇ ಬೆಲ್ಟು

ಈ ಸಲ ಮೊದಲು ಕಾಗದದ ಮೇಲೆ ಅಳತೆ. ಹೊಲಿಗೆಯ ಟೇಪಿನಿಂದ ಟೊಂಕದ ಎಲುಬಿನ ಮೇಲಂಚಿನಲ್ಲಿ ಒಂದು ಸುತ್ತು, ಮೂರು ಬೆರಳು ಕೆಳಗೆ ಇನ್ನೊಂದು ಸುತ್ತು ಅಳೆದೆ. ನನಗೆ ಆರು ಸೆಂಟಿಮೀಟರ್ ವ್ಯತ್ಯಾಸ ಬಂತು. ಆ ವ್ಯತ್ಯಾಸವನ್ನು ಬೆಲ್ಟಿನ ಎಡ, ಬಲ ಎರಡೂ ರೆಕ್ಕೆಗೆ ಹಂಚಿ, ರೆಕ್ಕೆಗಳು ಮುಂದಕ್ಕೆ ಬಂದಂತೆ ಸ್ವಲ್ಪ ಬಾಗಿರುವ ಹಾಗೆ ಕಾಗದ ಕತ್ತರಿಸಿ, ಮೈಗೆ ಸುತ್ತಿ, ಕನ್ನಡಿ ಮುಂದೆ ನಿಂತು ತಿದ್ದಿದೆ. ನಾಲ್ಕನೇ ಕಾಗದ ಸರಿಯಾಗಿ ಕೂತಿತು.

ಗಟ್ಟಿತನಕ್ಕೆ ಏನು ಹಾಕುವುದು ಎಂದು ಎರಡು ದಿನ ಯೋಚಿಸಿದೆ. ಅಲ್ಯೂಮಿನಿಯಂ ತಗಡು ಚುಚ್ಚುತ್ತದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಹಳೇ ಎಣ್ಣೆ ಕ್ಯಾನು. ಆ ಪ್ಲಾಸ್ಟಿಕ್ ಬಾಗುತ್ತದೆ, ಆದರೆ ಅಂಚಿನ ಮೇಲೆ ನಿಂತಾಗ ಮಡಚುವುದಿಲ್ಲ. ನೀರಿಗೂ ಜಗ್ಗುವುದಿಲ್ಲ. ಕ್ಯಾನಿನ ಎರಡು ದೊಡ್ಡ ಮಗ್ಗುಲಿನಿಂದ ರೆಕ್ಕೆಗಳ ಆಕಾರ ಕತ್ತರಿಸಿ, ಅಂಚುಗಳನ್ನು ಗಾಜುಪೇಪರಿನಿಂದ ತಿಕ್ಕಿ ದುಂಡಗೆ ಮಾಡಿದೆ. ಮೈಗೆ ತಾಗುವ ಕಡೆ ಮೆತ್ತನೆಯ 6 ಮಿಲಿಮೀಟರ್ ಇವಿಎ, ಅದರ ಹಿಂದೆ ಚಪ್ಪಲಿಯ ಅಟ್ಟೆಗೆ ಹಾಕುವ ಗಟ್ಟಿ ಇವಿಎ, ಅದರ ಹಿಂದೆ ಕ್ಯಾನಿನ ಹಾಳೆ. ಎಲ್ಲ ಸೇರಿ ಹದಿನೈದು ಮಿಲಿಮೀಟರ್ ಸಮೀಪ.

ಇದನ್ನು ಯಾವ ಮಷೀನೂ ಹೊಲಿಯಲಿಲ್ಲ. ಶಹಾಪುರದಲ್ಲಿ ರಸ್ತೆ ಬದಿ ಕೂರುವ ಚಮ್ಮಾರ ಅಜ್ಜನ ಹತ್ತಿರ ಒಯ್ದೆ. ಅಥಣಿ ಕಡೆಯವರು, ಕೊಲ್ಹಾಪುರಿ ಚಪ್ಪಲಿಯ ಕೆಲಸದಲ್ಲಿ ಬೆಳೆದ ಕೈ. ಹೊರಗೆ ಚರ್ಮ ಹೊದಿಸೋಣ ಎಂದು ನನಗೆ ಆಸೆಯಿತ್ತು. ಅಜ್ಜ ಕೈ ಅಡ್ಡ ಆಡಿಸಿದರು.

"ಚರ್ಮ ಬ್ಯಾಡ್ರಿ. ಮಳ್ಯಾಗ ತೋಯ್ತಂದ್ರ ಜಡ ಆಕ್ಕತಿ, ಒಣಗಿದ್ರ ಸೆಟದ ನಿಂದರತದ. ನೀವು ಎಣ್ಣಿ ಹಚ್ಚಂಗಿಲ್ಲ, ಗೊತ್ತದ ನನಗ."

ನೈಲಾನಿನ ಬಟ್ಟೆಯೇ ಇರಲಿ ಎಂದಾಯಿತು. ಅವರು ಹತ್ತಿಯ ದಾರವನ್ನೂ ಬೇಡವೆಂದರು. ಮೇಣ ಉಜ್ಜಿದ ನೈಲಾನ್ ದಾರ, ಎರಡು ದಬ್ಬಣ, ಒಂದೇ ತೂತಿನಿಂದ ಎರಡೂ ಕಡೆಗೆ ದಾಟಿಸಿ ಎಳೆಯುವ ಹೊಲಿಗೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ. ಎರಡು ತಾಸು ನಾನು ಪಕ್ಕದಲ್ಲೇ ಕೂತು ನೋಡಿದೆ. ಅವರು ಕೇಳಿದ್ದು 150 ರೂಪಾಯಿ. ಆ ಕೆಲಸದ ಬೆಲೆ ಅಷ್ಟಲ್ಲ, 300 ಕೊಟ್ಟು ಬಂದೆ.

ಬೆಲ್ಟಿನ ನಡುಭಾಗಕ್ಕೆ ಕ್ಯಾನಿನ ಪ್ಲಾಸ್ಟಿಕ್ಕಿನದೇ ಎರಡು ಪದರ ಹಾಕಿ, ಅದನ್ನು ಫ್ರೇಮಿನ ಕೆಳಗಿನ ಅಡ್ಡಪಟ್ಟಿಗೆ ನಾಲ್ಕು ಬೋಲ್ಟುಗಳಿಂದ ಬಿಗಿದೆ. ಭಾರ ಈಗ ಫ್ರೇಮಿನಿಂದ ನೇರ ಬೆಲ್ಟಿನ ಗಟ್ಟಿ ಹಾಳೆಗೆ ಇಳಿಯುತ್ತದೆ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದು. ಸ್ಟೀಲೂ ಅಲ್ಯೂಮಿನಿಯಮ್ಮೂ ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತ ಹೋಗುತ್ತದೆ, ಆದ್ದರಿಂದ ನಡುವೆ ನೈಲಾನ್ ವಾಷರ್ ಮತ್ತು ತೂತಿನೊಳಗೆ ತೆಳು ನೈಲಾನ್ ಬುಶ್ ಕೊಟ್ಟೆ. ಕಿರ್ ಕಿರ್ ಸದ್ದೂ ಅದರಿಂದಲೇ ನಿಂತಿತು. ಫ್ರೇಮು ಗಿಡ್ಡವಾದದ್ದರಿಂದ ಬೆಲ್ಟನ್ನು ಎರಡು ಬೆರಳು ಕೆಳಗೆ ಇಳಿಸಿ ಬಿಗಿಯಬೇಕಾಯಿತು. ಕತ್ತಿನ ಹಿಂದಿನ ಉಬ್ಬಿದ ಎಲುಬಿನಿಂದ ಟೊಂಕದವರೆಗೆ ನನ್ನ ಬೆನ್ನು 18 ಇಂಚು. ಇದಕ್ಕಿಂತ ಉದ್ದ ಬೆನ್ನಿನವರಿಗೆ ಎಷ್ಟು ಇಳಿಸಿದರೂ ಈ ಫ್ರೇಮು ಹೊಂದುವುದು ಕಷ್ಟ.

ಹೆಗಲ ಪಟ್ಟಿಯೊಳಗಿನ ಹಳೇ ಸ್ಪಂಜು ಪುಡಿಯಾಗಿತ್ತು, ಅದನ್ನೂ ತೆಗೆದು ಇವಿಎ ತುಂಬಿಸಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಖರ್ಚು: ಇವಿಎ ಎರಡು ಬಗೆ ಸೇರಿ 320, ನವಾರ ಮತ್ತು ಬಕಲ್ 170, ದಾರ ಬಟ್ಟೆ 140, ಬೋಲ್ಟು ರಿವೆಟ್ಟು 90, ಅಜ್ಜನಿಗೆ 300, ಕೆಟ್ಟ ಮೊದಲ ಬೆಲ್ಟಿಗೆ 260. ಒಟ್ಟು 1,280 ರೂಪಾಯಿ ಮತ್ತು ಐದು ರವಿವಾರ. ಬ್ಯಾಗು ಪುಕ್ಕಟೆ ಬಂದದ್ದು ಎಂಬುದನ್ನು ಮರೆಯಬಾರದು. ತೂಕ ಈಗ 3 ಕೆ.ಜಿ. 240 ಗ್ರಾಂ.

ತುಂಬುವ ಕ್ರಮ

ಅದೇ ಜೋಳ, ಅದೇ ನೀರು, ಅದೇ ಗುಡ್ಡ. ಮನೆಯಲ್ಲೇ ಮೊದಲ ಪರೀಕ್ಷೆ ಮಾಡಿದೆ: ಬೆಲ್ಟು ಬಿಗಿದು, ಹೆಗಲ ಪಟ್ಟಿಗಳನ್ನು ಪೂರ್ತಿ ಸಡಿಲ ಬಿಟ್ಟೆ. ಬ್ಯಾಗು ಕೆಳಗೆ ಜಾರಲಿಲ್ಲ, ಬರೀ ಹಿಂದಕ್ಕೆ ವಾಲಿತು. ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋದವು. ಗುಡ್ಡ ಹತ್ತಿ ಇಳಿದು ಬಂದಾಗಲೂ ಹೋದವು.

ಆದರೆ ಏರಿನಲ್ಲಿ ಬ್ಯಾಗು ಹಿಂದಕ್ಕೆ ಎಳೆಯುತ್ತಿತ್ತು. ಹೊರಗಿನ ಫ್ರೇಮು ಎಂದರೆ ಚೀಲವೇ ಬೆನ್ನಿನಿಂದ ನಾಲ್ಕು ಬೆರಳು ದೂರ. ಅದರ ಆಚೆಗೆ ಮೂರು ಉಬ್ಬಿದ ಜೇಬು. ನಾನು ನೀರಿನ ಬಾಟಲಿಗಳನ್ನು ಆ ಜೇಬುಗಳಲ್ಲಿ ಇಟ್ಟಿದ್ದೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ನಾವು ಮುಂದಕ್ಕೆ ಬಾಗಬೇಕು, ಟೊಂಕ ಎಷ್ಟೇ ಗಟ್ಟಿ ಇದ್ದರೂ ನಡೆ ಕೆಡುತ್ತದೆ.

ಉಪಾಯ ಬ್ಯಾಗಿನೊಳಗೇ ಇತ್ತು. ಆಲಿಸ್‌ನ ಒಳಗೆ, ಬೆನ್ನಿಗೆ ಅಂಟಿಕೊಂಡಂತೆ ಒಂದು ಜೇಬಿದೆ. ಅದು ವೈರ್‌ಲೆಸ್ ರೇಡಿಯೋದ ಜೇಬು. ಆ ಕಾಲದ ಪಿಆರ್‌ಸಿ-77 ರೇಡಿಯೋ ಸುಮಾರು 6 ಕಿಲೋ. ಅದನ್ನು ಹೊರುವವನ ಬೆನ್ನು ಉಳಿಯಲೆಂದು ಸರಿಯಾದ ಜಾಗದಲ್ಲೇ ಹೊಲಿದಿದ್ದಾರೆ. ನಾನು ಈಗ ಆ ಜೇಬಿನಲ್ಲಿ ನೀರು ಇಡುತ್ತೇನೆ, ಎರಡು ಬಾಟಲಿ ಕೆಳಗೆ ಮಡಚಿದ ಟವೆಲ್ ಹಾಕಿ ಸ್ವಲ್ಪ ಮೇಲಕ್ಕೆ ಎತ್ತಿ. ರೊಟ್ಟಿ, ಶೇಂಗಾ ಚಟ್ನಿ, ಸ್ಟೋ ಅದರ ಪಕ್ಕ. ಬಟ್ಟೆ ತಳಕ್ಕೆ. ಹೊರಜೇಬುಗಳಿಗೆ ರೇನ್‌ಕೋಟು, ಟೋಪಿ, ಮುಲಾಮು, ಇಂಬಳಕ್ಕೆ ಉಪ್ಪಿನ ಪೊಟ್ಟಣ, ಇಂಥ ಹಗುರ ಸಾಮಾನು ಮಾತ್ರ. ಇದೊಂದು ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ನಡೆಯಲ್ಲಿ ಆದ ಫರಕು ಮಾತ್ರ ಬೆಲ್ಟಿನಷ್ಟೇ ದೊಡ್ಡದು.

ಕಣಕುಂಬಿಯ ಮಳೆ

ಜುಲೈ ಕೊನೆಯ ಶನಿವಾರ, ಜಾಂಬೋಟಿ ದಾಟಿ ಕಣಕುಂಬಿಗೆ ಹೋದೆವು, ನಾವು ಐದು ಮಂದಿ. ಮಲಪ್ರಭೆ ಹುಟ್ಟುವ ಜಾಗ, ಮಾವುಲಿ ಗುಡಿಯ ಊರು. ಭೀಮಗಡದ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಆದ್ದರಿಂದ ಊರ ಸುತ್ತಲಿನ ಕಾಲುದಾರಿಯಲ್ಲೇ ಇಡೀ ದಿನ ನಡೆದು, ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ಮತ್ತೆ ನಡೆದೆವು. ಬೆನ್ನ ಮೇಲೆ 13 ಕಿಲೋ. ಮಳೆ ಒಂದು ಗಳಿಗೆಯೂ ಬಿಡಲಿಲ್ಲ.

ಬೆಲ್ಟು ಸರಿಯಲಿಲ್ಲ. ಫ್ರೇಮಿನ ರಿಪೇರಿ ಜಾಗ ಎರಡು ಸಲ ಬೆರಳಾಡಿಸಿ ನೋಡಿದೆ, ಹಾಗೇ ಇತ್ತು. ಜೇಬಿನ ತಳದ ಕಣ್ಣುಗಳಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು, ಒಳಗಿನ ಚೀಲದಲ್ಲಿ ಬಟ್ಟೆ ಒಣಗಿದ್ದವು. ಉಳಿದ ನಾಲ್ವರ ಹೊಸ ಬ್ಯಾಗುಗಳು ಬೆನ್ನಿಗೆ ಅಂಟಿಕೊಂಡು ಅವರ ಅಂಗಿಗಳೆಲ್ಲ ಹಬೆಯಾಡುತ್ತಿದ್ದಾಗ, ನನ್ನ ಬೆನ್ನಿಗೂ ಚೀಲಕ್ಕೂ ನಡುವೆ ಗಾಳಿ ಓಡಾಡುತ್ತಿತ್ತು. ಹೊರ ಫ್ರೇಮಿನ ಈ ಸುಖಕ್ಕಾಗಿಯೇ ಏಪ್ರಿಲ್ ಬಿಸಿಲಲ್ಲಿ ಸವದತ್ತಿ ಕಡೆಯ ಗುಡ್ಡಗಳಿಗೆ ಇದನ್ನೇ ಒಯ್ಯಬೇಕೆಂದಿದ್ದೇನೆ.

ಪೊದೆಯಲ್ಲಿ ಮಾತ್ರ ತೊಂದರೆ ಕೊಟ್ಟಿತು. ಗಿಡಗಳು ಕೈಗೆ ಕೈ ಹೆಣೆದುಕೊಂಡು ನಿಂತ ದಾರಿಯಲ್ಲಿ ಫ್ರೇಮಿನ ಮೇಲ್ತುದಿ ಬಳ್ಳಿಗೆ ಸಿಕ್ಕಿಹಾಕಿಕೊಂಡು ಮೂರು ಸಲ ಹಿಂದಕ್ಕೆ ಜಗ್ಗಿತು. ಒಂದು ಕಡೆ ಬಂಡೆ ಇಳಿಯುವಾಗ ನಾನು ಎಡಕ್ಕೆ ತಿರುಗಿದರೆ ಬ್ಯಾಗು ಅರೆಗಳಿಗೆ ತಡವಾಗಿ ತಿರುಗಿತು. ಬೆನ್ನಿಗೆ ಅಂಟಿಕೊಂಡ ಬ್ಯಾಗಿನಲ್ಲಿ ಹೀಗಾಗುವುದಿಲ್ಲ. ಕೈಯೂರಿ ಹತ್ತಬೇಕಾದ ಕಡಿದಾದ ಜಾಗಗಳಿಗೆ ಇದನ್ನು ಒಯ್ಯುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ರಾತ್ರಿ ಊಟದ ಮೇಲೆ ಗುಂಪಿನ ಸಣ್ಣ ಹುಡುಗ ಕೇಳಿದ, "ಅಣ್ಣಾ, ಈಗರ ಹೇಳ್ರಿ. ತಗೋಲ್ಯಾ, ಬ್ಯಾಡೋ?"

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಿನ್ನ ಹತ್ತಿರ ರೊಕ್ಕ ಇದ್ದು, ಕೆಲಸ ಮಾಡುವ ಪುರಸೊತ್ತು ಇಲ್ಲದಿದ್ದರೆ ಚಾರಣಕ್ಕೆಂದೇ ಮಾಡಿದ ಬ್ಯಾಗು ತಗೋ. ಇಷ್ಟೇ ಹಿಡಿಯುವ ಬ್ಯಾಗು ಒಂದು, ಒಂದೂವರೆ ಕಿಲೋದಲ್ಲಿ ಸಿಗುತ್ತದೆ, ಟೊಂಕದ ಬೆಲ್ಟು ಅದರ ಜೊತೆಗೇ ಬರುತ್ತದೆ. ಉಳಿದ ಎರಡು ಕಿಲೋ ಎಂದರೆ ಎರಡು ಲೀಟರ್ ನೀರು. ಐದಾರು ದಿನದ ಹಿಮಾಲಯದ ಚಾರಣಕ್ಕೆ ಈ ಭಾರ ಹೊತ್ತೊಯ್ಯುವುದು ಸರಿಯಲ್ಲ. ಮಿಲಿಟರಿ ಬ್ಯಾಗೇ ಬೇಕೆಂದರೆ ಟೊಂಕದ ಬೆಲ್ಟು ನೋಡಿ ತಗೋ. ಅಮೆರಿಕದವರೇ 1990ರ ದಶಕದ ಕೊನೆಗೆ ಆಲಿಸ್ ಬಿಟ್ಟು ಮೊಲ್ಲೆ ಎನ್ನುವ ಸಜ್ಜು ತಂದಾಗ ಅದಕ್ಕೆ ದಪ್ಪ ಬೆಲ್ಟು ಕೊಟ್ಟರು. ಅದರ ಮೊದಮೊದಲ ಪ್ಲಾಸ್ಟಿಕ್ ಫ್ರೇಮುಗಳು ಮುರಿಯುತ್ತಿದ್ದವು, ಆಮೇಲೆ ಸುಧಾರಿಸಿದರು. ಬೆಲ್ಟಿಲ್ಲದ, ಬರೀ ಹೆಗಲ ಪಟ್ಟಿಯ ಬ್ಯಾಗಾದರೆ 6-7 ಕಿಲೋ ಮೇಲೆ ತುಂಬಬೇಡ, ಅದನ್ನು ಒಂದು ದಿನದ ತಿರುಗಾಟಕ್ಕೆ ಇಟ್ಟುಕೋ, ಇಪ್ಪತ್ತು ವರ್ಷ ಬರುತ್ತದೆ. ಇನ್ನು, ಕೈಕೆಲಸದ ಹುಚ್ಚಿದ್ದು, ಅಟ್ಟದ ಮೇಲೆ ಇಂಥದ್ದೊಂದು ಬಿದ್ದಿದ್ದರೆ ನನ್ನ ಹತ್ತಿರ ತಾ. ಬೆಲ್ಟಿನ ಕಾಗದ ತೆಗೆದಿಟ್ಟಿದ್ದೇನೆ, ನಿನ್ನ ಟೊಂಕಕ್ಕೆ ತಿದ್ದೋಣ.

ಅವನು ತನ್ನ ಬ್ಯಾಗು ಬಿಟ್ಟು ಮರುದಿನ ಬೆಳಿಗ್ಗೆ ಒಂದು ತಾಸು ನನ್ನದನ್ನು ಹೊತ್ತ. ಅವನ ಬೆನ್ನು ನನಗಿಂತ ಉದ್ದ. ಬೆಲ್ಟು ಹೊಟ್ಟೆಯ ಮೇಲೆ ಬಂತು, ಅರ್ಧ ತಾಸಿಗೆ ಹೆಗಲು ಹಿಡಿಯಿತು ಎಂದ. ಫ್ರೇಮಿನ ಕೆಳಗೆ ಒಂದೂವರೆ ಇಂಚಿನ ಅಲ್ಯೂಮಿನಿಯಂ ತುಂಡು ಜೋಡಿಸಿದರೆ ಅವನಿಗೂ ಹೊಂದಬಹುದು. ಪೈಪಿನ ಹೊರ ಅಳತೆ ತೆಗೆದುಕೊಂಡಿದ್ದೇನೆ, ಬರುವ ರವಿವಾರ ತುಂಡು ಕತ್ತರಿಸುತ್ತೇನೆ.